ಅಪ್ಪನ ನುಡಿನಮನ ಬರೆಯುವುದು ಹೇಗೆ: ತಿಥಿಯಲ್ಲಿ ಓದುವುದಕ್ಕೂ ಮನೆಯಲ್ಲಿ ಉಳಿಸಿಕೊಳ್ಳುವುದಕ್ಕೂ

ಮಂಡ್ಯ, ಮೈಸೂರು ಸೀಮೆಯಲ್ಲಿ ಮನೆಯ ಹಿರಿಯರೊಬ್ಬರು ತೀರಿಕೊಂಡರೆ ಸಂಜೆಯೊಳಗೆ ಊರ ಬಾಗಿಲಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ನಿಲ್ಲುತ್ತದೆ, ಎರಡು ದಿನದೊಳಗೆ ತಿಥಿಯ ಆಹ್ವಾನ ಪತ್ರಿಕೆ ಅಚ್ಚಾಗುತ್ತದೆ. ಎರಡರಲ್ಲೂ ದೈವಭಕ್ತರು, ಶ್ರಮಜೀವಿಗಳು, ಸಮಾಜಸೇವಕರು ಎಂಬ ಅದೇ ಮೂರು ವಿಶೇಷಣಗಳಿರುತ್ತವೆ. ಅವು ಸುಳ್ಳೇನಲ್ಲ, ಆದರೆ ಹೆಸರನ್ನೂ ಭಾವಚಿತ್ರವನ್ನೂ ಬದಲಿಸಿದರೆ ಅದೇ ಫ್ಲೆಕ್ಸ್ ಪಕ್ಕದ ಊರಿನವರಿಗೂ ಸಲ್ಲುತ್ತದೆ. ಆ ಮೂರು ವಿಶೇಷಣಗಳನ್ನು ಒಂದೂ ಬಳಸದೆ, ಅವುಗಳಿಗೆ ಕಾರಣವಾದ ಕೆಲಸಗಳನ್ನು ಮಾತ್ರ ಹೇಳುವ ಎರಡು ಪುಟದ ನುಡಿನಮನವನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಬರೆಯುವವರು ಯಾರೆಂದು ತೀರ್ಮಾನವಾಗಬೇಕು. ಹಿರಿಯ ಮಗನಿಗೆ ಕ್ರಿಯಾಕರ್ಮಗಳ ಹೊಣೆ ಇರುವುದರಿಂದ ಈ ಕೆಲಸವನ್ನು ಮಗಳಿಗೋ ಮೊಮ್ಮಗಳಿಗೋ ತಮ್ಮನ ಮಗನಿಗೋ ವಹಿಸುವುದು ಒಳ್ಳೆಯದು. ಮಾಹಿತಿ ಕಲೆಹಾಕಲು ಹಾಲು–ತುಪ್ಪದ ದಿನಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಕಷ್ಟ. ಅಂದು ಅಪ್ಪನ ಅಕ್ಕತಂಗಿಯರು, ಜೊತೆಯಲ್ಲಿ ಓದಿದವರು, ಒಟ್ಟಿಗೆ ದುಡಿದವರು ಜಗುಲಿಯ ಮೇಲೆ ಕುಳಿತು ತಾವಾಗಿಯೇ ಹಳೆಯದನ್ನು ನೆನೆಯುತ್ತಿರುತ್ತಾರೆ. ಅನುಮತಿ ಕೇಳಿ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡರೆ ಸಾಕು. ‘ಅವರು ಎಂಥವರಾಗಿದ್ದರು’ ಎಂದು ಕೇಳಿದರೆ ‘ದೇವರಂಥ ಮನುಷ್ಯ ಕಣಪ್ಪ’ ಎಂಬ ಉತ್ತರವೇ ಬರುತ್ತದೆ. ಬೆಳಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು, ಯಾವುದಕ್ಕೆ ರೇಗುತ್ತಿದ್ದರು, ಕೈಯಲ್ಲಿ ನಾಲ್ಕು ಕಾಸು ಉಳಿದರೆ ಯಾವುದಕ್ಕೆ ಖರ್ಚು ಮಾಡುತ್ತಿದ್ದರು, ಯಾರ ಮನೆಗೆ ಕರೆಯದೆ ಹೋಗುತ್ತಿದ್ದರು ಎಂದು ಕೇಳಿ ನೋಡಿ. ಸೋದರತ್ತೆಯನ್ನು ಮರೆಯಬೇಡಿ, ಅಪ್ಪನ ಬಾಲ್ಯವನ್ನು ಬಲ್ಲವರು ಸಾಮಾನ್ಯವಾಗಿ ಅವರೊಬ್ಬರೇ ಉಳಿದಿರುತ್ತಾರೆ.

ದಿನಾಂಕಗಳಲ್ಲಿ ಎಚ್ಚರ ಬೇಕು. ಹಳ್ಳಿಯಲ್ಲಿ ಹುಟ್ಟಿದ ಹಿರಿಯರ ಶಾಲಾ ದಾಖಲೆಯ ಜನ್ಮದಿನ ಎಷ್ಟೋ ವೇಳೆ ಮೇಷ್ಟರು ಅಂದಾಜಿನಲ್ಲಿ ಬರೆದದ್ದಾಗಿರುತ್ತದೆ. ಜಾತಕವಿದ್ದರೆ ಅದರ ಸಂವತ್ಸರವನ್ನು ನೋಡಿ: ಮನ್ಮಥ ಎಂದಿದ್ದರೆ 1955ರ ಯುಗಾದಿಯಿಂದ 1956ರ ಯುಗಾದಿಯವರೆಗಿನ ಅವಧಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ 2015ರಲ್ಲಿ ಬಂದದ್ದೂ ಮನ್ಮಥವೇ. ಹಳೆಯ ಕಾಗದಗಳಲ್ಲಿ ‘ಮೈಸೂರು ರಾಜ್ಯ’ ಎಂದಿರುವುದನ್ನು ಕಂಡು ಅಪ್ಪ ಮೈಸೂರಿನಲ್ಲಿದ್ದರೆಂದು ಮೊಮ್ಮಕ್ಕಳು ಭಾವಿಸಬಾರದು. 1973ರ ನವೆಂಬರ್ 1ರವರೆಗೆ ಇಡೀ ರಾಜ್ಯದ ಹೆಸರೇ ಅದಾಗಿತ್ತು. ಹಾಗೆಯೇ ತಾತನ ಕಾಲದ ಪತ್ರಗಳಲ್ಲಿ ಬರುವ ಫ್ರೆಂಚ್ ರಾಕ್ಸ್ ಇಂದಿನ ಪಾಂಡವಪುರ, ಮತ್ತು ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ತೀರಿಕೊಂಡ ದಿನಕ್ಕೆ ತಾರೀಖಿನ ಜೊತೆಗೆ ಮಾಸ, ಪಕ್ಷ, ತಿಥಿಗಳನ್ನೂ ಬರೆದಿಡಿ; ವರ್ಷದ ಕಾರ್ಯಕ್ಕೆ ಬೇಕಾಗುವುದು ಅವೇ.

ದುಡಿಮೆಯ ಭಾಗಕ್ಕೆ ಹೆಚ್ಚು ಜಾಗ ಕೊಡಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಬಹುಪಾಲು ಬರಹಗಳಲ್ಲಿ ಅದು ‘ಹಗಲಿರುಳು ದುಡಿದರು’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಅಪ್ಪ ಆಲೆಮನೆ ನಡೆಸುತ್ತಿದ್ದರೆ ಹೀಗೆ ಬರೆಯಬಹುದು: ‘ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಗಟ್ಟಿಯಾಗುತ್ತಿದ್ದಂತೆ ಅಪ್ಪ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಹಿಡಿದು, ಅದು ಉಂಡೆ ಕಟ್ಟಿದರೆ ಮಾತ್ರ ಪಾಕ ಇಳಿಸಲು ಹೇಳುತ್ತಿದ್ದರು, ಬೆಲ್ಲಕ್ಕೆ ಬಿಳಿಚು ಬಣ್ಣ ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕಲು ಅವರು ಒಪ್ಪಲಿಲ್ಲವಾದ್ದರಿಂದ ಮಂಡಿಯಲ್ಲಿ ನಮ್ಮ ಬೆಲ್ಲಕ್ಕೆ ಬೆಲೆ ಕಡಿಮೆ ಸಿಗುತ್ತಿತ್ತು.’ ಪ್ರಾಮಾಣಿಕರು ಎಂಬ ಮಾತನ್ನು ಇದಾದ ಮೇಲೆ ಯಾರೂ ಬರೆಯಬೇಕಾಗಿಲ್ಲ. ಕಾರ್ಖಾನೆಯಲ್ಲಿದ್ದವರಾದರೆ ಅವರ ಬದುಕನ್ನು ಕಾರ್ಖಾನೆಯ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ನಿಂತ, ಮತ್ತೆ ನಡೆದ ವರ್ಷಗಳು, ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಮೋಟಾರ್ ಸೈಕಲ್ ತಯಾರಿಸಲು ಆರಂಭಿಸಿದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿದ್ದು, ಇವು ನೂರಾರು ಮನೆಗಳ ಒಲೆಯನ್ನು ಮುಟ್ಟಿದ ಸಂಗತಿಗಳು. ಸಂಬಳ ನಿಂತ ತಿಂಗಳುಗಳಲ್ಲಿ ಅಪ್ಪ ಏನು ಮಾಡಿ ಮನೆ ನಡೆಸಿದರು ಎಂಬುದನ್ನು ಅಮ್ಮನನ್ನೇ ಕೇಳಬೇಕು.

ಭಕ್ತಿಯ ವಿಷಯದಲ್ಲಿಯೂ ‘ಅಪಾರ ದೈವಭಕ್ತಿ’ ಎನ್ನುವ ಬದಲು ಅದು ಅವರನ್ನು ಎಲ್ಲಿಗೆ ನಡೆಸಿತು, ಏನು ಮಾಡಿಸಿತು ಎಂದು ಬರೆಯಿರಿ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗುತ್ತಿದ್ದವರಾದರೆ ಜೊತೆಗೆ ಯಾರಿದ್ದರು, ತಾಳುಬೆಟ್ಟ ಹತ್ತುವ ಮುನ್ನ ಎಲ್ಲಿ ತಂಗುತ್ತಿದ್ದರು, ಮಂಡಿ ನೋವು ಬಂದ ಮೇಲೆ ಎಂದಿನಿಂದ ಬಸ್ಸಿನಲ್ಲಿ ಹೋದರು ಎಂಬುದೆಲ್ಲ ಬರಲಿ. ಮೇಲುಕೋಟೆಯ ವೈರಮುಡಿ ಕಿರೀಟ ಮಂಡ್ಯದ ಖಜಾನೆಯಿಂದ ಹೊರಟು ಊರೂರುಗಳಲ್ಲಿ ಪೂಜೆ ಸ್ವೀಕರಿಸುತ್ತ ಬೆಟ್ಟ ಸೇರುವ ದಿನ, ದಾರಿಯ ಹಳ್ಳಿಗಳಲ್ಲಿ ಪಾನಕ, ನೀರುಮಜ್ಜಿಗೆ ಹಂಚುವವರಿರುತ್ತಾರೆ. ನಿಮ್ಮ ಅಪ್ಪ ಅವರಲ್ಲೊಬ್ಬರಾಗಿದ್ದರೆ ಬೆಲ್ಲ ಯಾರ ಮನೆಯದು, ಹಂಡೆ ಯಾರದು, ನಿಂಬೆಹಣ್ಣು ಹಿಂಡಲು ಹಿಂದಿನ ರಾತ್ರಿ ಯಾರು ಕೂರುತ್ತಿದ್ದರು ಎಂದು ವಿಚಾರಿಸಿ. ಭಕ್ತಿ ಎಲ್ಲಿ ಮುಗಿಯಿತು, ಊರಿನ ಕೆಲಸ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದಿಲ್ಲ, ಎಳೆಯಲೂ ಬೇಡಿ. ಬರಹವನ್ನು ಭಕ್ತಿ, ದುಡಿಮೆ, ಸೇವೆ ಎಂಬ ಖಾನೆಗಳಾಗಿ ಒಡೆದರೆ ಒಬ್ಬ ಮನುಷ್ಯನ ಬದಲು ಮೂವರು ಅಪರಿಚಿತರು ಕಾಣಿಸುತ್ತಾರೆ. ಮಸೀದಿಯಲ್ಲೋ ಚರ್ಚಿನಲ್ಲೋ ಪ್ರಾರ್ಥಿಸುತ್ತಿದ್ದವರ ಮನೆಯವರೂ ಇದೇ ಕ್ರಮ ಅನುಸರಿಸಬಹುದು.

ಊರಿನ ಕೆಲಸಗಳನ್ನು ಹೇಳುವಾಗ ಹುದ್ದೆಗಳ ಪಟ್ಟಿ ಚುಟುಕಾಗಿರಲಿ. ವ್ಯವಸಾಯ ಸೇವಾ ಸಹಕಾರ ಸಂಘದ ನಿರ್ದೇಶಕರಾಗಿದ್ದರು ಎನ್ನುವುದಕ್ಕಿಂತ, ನಾಲೆಯ ನೀರು ಕೊನೆಯ ಗದ್ದೆಗೆ ತಲುಪದಿದ್ದಾಗ ರಾತ್ರಿ ಬ್ಯಾಟರಿ ಹಿಡಿದು, ನೀರು ಬಿಡುವ ನೀರುಗಂಟಿಯ ಜೊತೆ ತೂಬಿನವರೆಗೆ ಹೋಗುತ್ತಿದ್ದರು ಎನ್ನುವುದು ಕೇಳುವವರ ಮನಸ್ಸಿನಲ್ಲಿ ನಿಲ್ಲುತ್ತದೆ. 1980ರಲ್ಲಿ ಹುಟ್ಟಿದ ರೈತ ಸಂಘದ ಹಸಿರು ಶಾಲು ಹೊದ್ದಿದ್ದರೆ, ಕಾವೇರಿ ಚಳವಳಿಯಲ್ಲಿ ರಸ್ತೆಗೆ ಇಳಿದಿದ್ದರೆ, ಅದನ್ನೂ ಬರೆಯಿರಿ. ಪಕ್ಷದ ಮಾತು ಬೇಡ. ಅಪ್ಪನಿಂದ ಶಾಲೆಯ ಫೀಸಿನ ನೆರವು ಪಡೆದವರ ಹೆಸರನ್ನು ಅವರನ್ನು ಕೇಳದೆ ಬರೆಯಲೇಬಾರದು. ತುಂಬಿದ ಪಂಕ್ತಿಯ ನಡುವೆ ತಮ್ಮ ಬಡತನವನ್ನು ಇನ್ನೊಬ್ಬರ ಬಾಯಿಂದ ಕೇಳುವುದು ಯಾರಿಗೂ ಹಿತವಲ್ಲ.

ಸಂಸಾರದ ಭಾಗ ಬರೆಯುವಾಗ ನಮ್ಮಲ್ಲಿ ಒಂದು ವಿಚಿತ್ರ ನಡೆಯುತ್ತದೆ: ಅಪ್ಪನ ಬಗ್ಗೆ ಆರಂಭವಾದ ಪುಟ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಕ್ಕಳ ಪರಿಚಯ ಪತ್ರವಾಗಿ ಮುಗಿಯುತ್ತದೆ. ಮಕ್ಕಳು ಮೊಮ್ಮಕ್ಕಳ ಹೆಸರು ಒಂದು ಸಾಲಿನಲ್ಲಿ, ಹೆಣ್ಣುಮಕ್ಕಳನ್ನೂ ಸೇರಿಸಿ ಹುಟ್ಟಿದ ಕ್ರಮದಲ್ಲಿ ಬಂದರೆ ಸಾಕು. ಅಮ್ಮನನ್ನು ‘ಧರ್ಮಪತ್ನಿ’ ಎಂದಷ್ಟೇ ಹೇಳಿ ಮುಂದೆ ಹೋಗದೆ ಹೆಸರು ಹಿಡಿದು ಬರೆಯಿರಿ. ಅಪ್ಪ ಊರಿನ ಕೆಲಸವೆಂದು ಹೊರಗಿದ್ದ ದಿನಗಳಲ್ಲಿ ಹಸು ಕರೆದು ಡೇರಿಗೆ ಹಾಲು ಹಾಕಿದವರು ಅಮ್ಮನಾಗಿದ್ದರೆ ಆ ಮಾತಿಲ್ಲದ ಸಮಾಜಸೇವೆಯ ವರ್ಣನೆ ಅರ್ಧ ಸತ್ಯ. ಅಪ್ಪನ ಮುಂಗೋಪವೋ ಹಟವೋ ಒಂದು ಸಾಲಿನಲ್ಲಿ ಬಂದರೆ ಕೇಳುವವರು ನಗುತ್ತಾರೆ, ಗುರುತು ಹಿಡಿಯುತ್ತಾರೆ. ಆದರೆ ಆಸ್ತಿಯ ಪಾಲು, ಕೈಸಾಲ, ದಾಯಾದಿಗಳ ವ್ಯಾಜ್ಯ ಇವುಗಳ ಸುಳಿವು ಕೂಡ ಬೇಡ; ಇಂಥ ಪುಟವನ್ನು ಸಾಕ್ಷಿಯಂತೆ ಹಿಡಿದು ಜಗಳಕ್ಕೆ ಬರುವ ನೆಂಟರು ಇದ್ದೇ ಇರುತ್ತಾರೆ.

ತಿಥಿಯ ದಿನ ಓದುವ ಭಾಗ ನಾಲ್ಕೈದು ನೂರು ಪದಗಳನ್ನು ಮೀರದಿರಲಿ. ಎಡೆ ಇಟ್ಟಾಗಿದೆ, ಎಲೆ ಹಾಕಿದ್ದಾರೆ, ದೂರದಿಂದ ಬಂದವರು ಹಸಿದಿದ್ದಾರೆ. ಐದು ನಿಮಿಷಕ್ಕಿಂತ ಹೆಚ್ಚು ಯಾರೂ ಕೇಳಲಾರರು. ಹಿಂದಿನ ಸಂಜೆ ಅಮ್ಮನಿಗೆ ಮತ್ತು ಸೋದರತ್ತೆಗೆ ಓದಿ ಹೇಳಿ, ಅವರು ತಿದ್ದಿದ್ದನ್ನು ತಿದ್ದಿಕೊಳ್ಳಿ. ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಬರಹ ಡಿಟಿಪಿ ಅಂಗಡಿಯ ಹಳೆಯ ಅಕ್ಷರಕ್ಕೆ ಬದಲಾಗುವಾಗ ಒತ್ತಕ್ಷರ, ಅರ್ಕಾವತ್ತು ಚದುರುವುದುಂಟು, ಆದ್ದರಿಂದ ಕರಡನ್ನು ಪರದೆಯ ಮೇಲೆ ನೋಡಿ ಒಪ್ಪದೆ ಕಾಗದದ ಮೇಲೆ ತೆಗೆಸಿ ಓದಿ. ಚಿತ್ರಕ್ಕೆ ಪಾಸ್‌ಪೋರ್ಟ್ ಅಳತೆಯ ಬಿಗಿ ಮುಖಕ್ಕಿಂತ ಗದ್ದೆಯಲ್ಲೋ ಕಾರ್ಖಾನೆಯ ಗೇಟಿನಲ್ಲೋ ತೆಗೆದದ್ದು ಒಳ್ಳೆಯದು. ಅಚ್ಚಾದ ಪ್ರತಿಗಳನ್ನು ಮಾಹಿತಿ ಕೊಟ್ಟವರಿಗೆ ಮೊದಲು ತಲುಪಿಸಿ, ಒಂದನ್ನು ಪಹಣಿ, ಜಾತಕ, ಶಾಲೆಯ ಟಿಸಿಗಳಿರುವ ಕಡತದಲ್ಲಿಡಿ. ಧ್ವನಿಮುದ್ರಣಗಳಿಗೆ ಮಾತನಾಡಿದವರ ಹೆಸರು, ದಿನಾಂಕ ಹಾಕಿ ಇಬ್ಬರ ಬಳಿ ಉಳಿಸಿ, ಪುಟದಲ್ಲಿ ಹಿಡಿಸದೆ ಬಿಟ್ಟ ಸಂಗತಿಗಳನ್ನು ಪಿತೃಪಕ್ಷಕ್ಕೆ ಎಲ್ಲರೂ ಮತ್ತೆ ಸೇರಿದಾಗ ಕೇಳಿ ವಿಸ್ತರಿಸಿಕೊಳ್ಳಿ.