ಲಿನಕ್ಸ್ ಕಾಣೆಯಾದ ಲ್ಯಾಪ್‌ಟಾಪ್: ಫಾರ್ಮ್ಯಾಟ್ ಹೊಡೆಯದೆ ನಾನು ಸರಿಮಾಡುವ ರೀತಿ

“ವಿಂಡೋಸ್ ಅಪ್‌ಡೇಟ್ ಆಯ್ತು ಸಾರ್, ಆಮೇಲೆ ಉಬುಂಟು ಬರ್ತಾನೇ ಇಲ್ಲ.” ಮೈಸೂರಿನಲ್ಲಿ ನನ್ನ ಮೇಜಿಗೆ ಬರುವ ಡ್ಯುಯಲ್ ಬೂಟ್ (ವಿಂಡೋಸ್ ಜೊತೆಗೆ ಉಬುಂಟುವಿನಂಥ ಲಿನಕ್ಸ್ ಕೂಡ ಇರುವ) ಲ್ಯಾಪ್‌ಟಾಪ್‌ಗಳ ದೂರು ಹೆಚ್ಚುಕಡಿಮೆ ಇದೇ. ಫಾರ್ಮ್ಯಾಟ್ ಹೊಡೆದು ಎರಡನ್ನೂ ಹೊಸದಾಗಿ ಹಾಕಿಸಿಬಿಡು ಎಂದು ಯಾರೋ ಅಷ್ಟರಲ್ಲಿ ಹೇಳಿರುತ್ತಾರೆ. ದಯವಿಟ್ಟು ಬೇಡ. ಇಂಥ ಕೇಸುಗಳಲ್ಲಿ ಫೈಲುಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಅಲ್ಲಿಗೆ ಹೋಗುವ ದಾರಿ ಮಾತ್ರ ತಪ್ಪಿರುತ್ತದೆ.

ಮಂಡ್ಯದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ಲ್ಯಾಪ್‌ಟಾಪನ್ನೇ ಇಟ್ಟುಕೊಂಡು ಹೇಳುತ್ತೇನೆ: 512 ಜಿಬಿ ಎನ್‌ವಿಎಂಇ ಡಿಸ್ಕ್, ವಿಂಡೋಸ್ 11, ಉಬುಂಟು 24.04. ಮೊದಲು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ಡ್ರೈವ್ ಅಕ್ಷರವಿಲ್ಲದ ದೊಡ್ಡ ಪಾರ್ಟಿಷನ್ (ಡಿಸ್ಕಿನ ಭಾಗ) ಒಂದು ಕಂಡಿತು. ಅದೇ ಲಿನಕ್ಸ್. ಅದಕ್ಕೆ ಅಕ್ಷರ ಕೊಡಲು ಹೋಗಬಾರದು. ಕೊಟ್ಟರೆ ವಿಂಡೋಸ್‌ಗೆ ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆ ಓದಲು ಬರುವುದಿಲ್ಲವಾದ್ದರಿಂದ “ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು” ಎಂದು ಕೇಳುತ್ತದೆ. ಆ ಕಿಟಕಿಯಲ್ಲಿ ಅವಸರಕ್ಕೆ ಒಪ್ಪಿಕೊಂಡುಬಿಟ್ಟರೆ ಪ್ರಾಜೆಕ್ಟೇ ಹೋಯಿತು.

ಬಯೋಸ್‌ಗೆ (ಯಂತ್ರ ಏಳುವಾಗಿನ ಸೆಟ್ಟಿಂಗ್‌ಗಳಿಗೆ) ಹೋಗುವ ಮುಂಚೆ, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ನೋಡಿಕೊಳ್ಳಬೇಕು. ನಾವು ಆನ್ ಮಾಡದಿದ್ದರೂ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಹೊಸ ಯಂತ್ರಗಳಲ್ಲಿ ಅದು ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲಿ ತಾನೇ ಆನ್ ಆಗಿರುತ್ತದೆ. ಡಿಸ್ಕಿನ ಬೀಗದ ಕೀ ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿ, ಸಹಿ ಇರುವ ಬೂಟ್ ಫೈಲುಗಳನ್ನಷ್ಟೇ ಬಿಡುವ ಸೆಕ್ಯೂರ್ ಬೂಟ್‌ನ ಸ್ಥಿತಿಗೆ ಕಟ್ಟುಬಿದ್ದು ಕೂತಿರುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದ ಕೂಡಲೇ ಟಿಪಿಎಂ ಕೀ ಕೊಡುವುದಿಲ್ಲ, ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಸ್ಥಿತಿಯಲ್ಲಿ ಅದಿಲ್ಲದಿದ್ದರೆ ನಾನಾಗಲಿ ಮತ್ತೊಬ್ಬರಾಗಲಿ ಆ ಡಿಸ್ಕ್ ತೆರೆಯಲು ಆಗದು. ಹಾಗಾಗಿ ಕೀಯನ್ನು ಕಾಗದದ ಮೇಲೆ ಬರೆಸಿಕೊಳ್ಳುತ್ತೇನೆ; ಆ ಕಾಗದ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇರಬಾರದು. ಆಮೇಲೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮ್ಯಾನೇಜ್-ಬಿಡಿಇ ಬಳಸಿ ರಕ್ಷಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತೇನೆ. ಅಲ್ಲಿ ರೀಬೂಟ್ ಎಣಿಕೆ ಸೊನ್ನೆ ಎಂದು ಕೊಡದಿದ್ದರೆ ಒಂದೇ ರೀಸ್ಟಾರ್ಟ್‌ಗೆ ರಕ್ಷಣೆ ಮತ್ತೆ ಚಾಲೂ ಆಗಿಬಿಡುತ್ತದೆ. ನಮ್ಮ ಕೆಲಸಕ್ಕೆ ಒಂದು ರೀಸ್ಟಾರ್ಟ್ ಸಾಲದು. ಎಲ್ಲ ಮುಗಿದ ಮೇಲೆ ಮರೆಯದೆ ಮತ್ತೆ ಆನ್ ಮಾಡಬೇಕು.

ಈಗ ಬೂಟ್ ಮೆನು, ಯಂತ್ರ ಆನ್ ಆಗುವಾಗ ಯಾವುದರಿಂದ ಏಳಬೇಕೆಂದು ಆರಿಸುವ ಪಟ್ಟಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9. ಪಟ್ಟಿಯಲ್ಲಿ ಉಬುಂಟು ಇದ್ದು, ಆರಿಸಿದರೆ ಗ್ರಬ್ (ಲಿನಕ್ಸ್‌ನ ಬೂಟ್ ಪರದೆ) ಬಂದರೆ ಅರ್ಧ ಕೆಲಸ ಮುಗಿದಂತೆ. ಸರದಿ ಮಾತ್ರ ಬದಲಾಗಿದೆ. ಲಿನಕ್ಸ್ ಟರ್ಮಿನಲ್‌ನಲ್ಲಿ ಸುಡೋ ಜೊತೆ ಇಎಫ್‌ಐಬೂಟ್‌ಎಂಜಿಆರ್ ಕೊಟ್ಟರೆ ಬೂಟ್ ಆರ್ಡರ್ 0000,0003 ಎಂಬಂತೆ ತೋರಿಸುತ್ತದೆ. ಉಬುಂಟು 0003 ಆಗಿದ್ದರೆ ಅದನ್ನು ಮುಂದಕ್ಕೆ ತಂದು 0003,0000 ಎಂದು ಬರೆದರೆ ಆಯಿತು.

ಮಂಡ್ಯದ ಯಂತ್ರದಲ್ಲಿ ಆ ಹೆಸರೇ ಇರಲಿಲ್ಲ. ಹಾಗಾದಾಗ ಪೆನ್‌ಡ್ರೈವ್ ಬೇಕು, 8 ಜಿಬಿ ಸಾಕು. ಪೆನ್‌ಡ್ರೈವಿನಿಂದಲೇ ಓಡುವ ಲೈವ್ ಉಬುಂಟು ಯುಇಎಫ್‌ಐ (ಹೊಸ ಬಗೆಯ ಬಯೋಸ್) ಮೋಡ್‌ನಲ್ಲೇ ಏಳಬೇಕು. ಸಿಸ್ ಫೋಲ್ಡರಿನ ಫರ್ಮ್‌ವೇರ್ ಒಳಗೆ ಇಎಫ್‌ಐ ಎಂಬ ಫೋಲ್ಡರ್ ಇಲ್ಲದಿದ್ದರೆ ಹಳೇ ಲೆಗಸಿ ಮೋಡ್‌ನಲ್ಲಿ ಎದ್ದಿದೆ ಎಂದರ್ಥ, ಅಲ್ಲಿಂದ ಮುಂದುವರಿಯಬೇಡಿ. ಪಾರ್ಟಿಷನ್‌ಗಳನ್ನು ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟಾಗ 260 ಎಂಬಿಯ ಫ್ಯಾಟ್32 ಪಾರ್ಟಿಷನ್ ಒಂದು, ಇಎಕ್ಸ್‌ಟಿ4 ಪಾರ್ಟಿಷನ್ ಒಂದು ಕಂಡವು. ಚಿಕ್ಕದು ಇಎಫ್‌ಐ ಪಾರ್ಟಿಷನ್. ಎರಡೂ ಓಎಸ್‌ಗಳ ಬೂಟ್ ಫೈಲುಗಳು ಅದರಲ್ಲೇ ಇರುತ್ತವೆ. ಅದನ್ನು ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಕೂಡ ಏಳುವುದಿಲ್ಲ. ಇಎಕ್ಸ್‌ಟಿ4 ಅನ್ನು ಎಂಎನ್‌ಟಿ ಫೋಲ್ಡರಿಗೆ ಮೌಂಟ್ ಮಾಡಿ (ಜೋಡಿಸಿ), ಅದರೊಳಗಿನ ಬೂಟ್/ಇಎಫ್‌ಐ ಜಾಗಕ್ಕೆ ಚಿಕ್ಕದನ್ನು ಮೌಂಟ್ ಮಾಡಿದೆ. ನಂತರ ಲೈವ್ ಉಬುಂಟುವಿನ ಡೆವ್, ಪ್ರೋಕ್, ಸಿಸ್, ರನ್ ಫೋಲ್ಡರ್ ನಾಲ್ಕನ್ನೂ ಅದರೊಳಕ್ಕೆ ಆರ್‌ಬೈಂಡ್ ಮಾಡಿದೆ, ಅಂದರೆ ಒಳಗಿನದೆಲ್ಲದರ ಸಮೇತ ಜೋಡಿಸಿದೆ. ಸುಮ್ಮನೆ ಬೈಂಡ್ ಮಾಡಿದರೆ ಸಿಸ್ ಒಳಗಿರುವ ಇಎಫ್‌ಐ ವೇರಿಯೆಬಲ್‌ಗಳು ಒಳಗೆ ಬರುವುದಿಲ್ಲ, ಆಗ ಗ್ರಬ್ ಫೈಲುಗಳು ಕೂತರೂ ಫರ್ಮ್‌ವೇರ್‌ನ ಬೂಟ್ ಪಟ್ಟಿಗೆ ಉಬುಂಟು ಹೆಸರು ಸೇರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಕೊನೆಗೆ ಕ್ರೂಟ್ ಆಗಿ, ಅಂದರೆ ಡಿಸ್ಕಿನಲ್ಲಿರುವ ಉಬುಂಟು ಒಳಗೆ ಹೋಗಿ, ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್ ಓಡಿಸಿದೆ.

ಗ್ರಬ್ ಬಂತು, ವಿಂಡೋಸ್ ಸಾಲು ಕಾಣಲಿಲ್ಲ. ಗಾಬರಿಯಾಗಬೇಕಿಲ್ಲ: 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ಮೂಲದಲ್ಲೇ ಆಫ್. ಇಟಿಸಿಯ ಡೀಫಾಲ್ಟ್ ಫೋಲ್ಡರಿನ ಗ್ರಬ್ ಫೈಲಿನಲ್ಲಿ ‘ಡಿಸೇಬಲ್ ಓಎಸ್ ಪ್ರೋಬರ್’ ಸಾಲನ್ನು ಫಾಲ್ಸ್ ಮಾಡಿ ಇನ್ನೊಮ್ಮೆ ಅಪ್‌ಡೇಟ್-ಗ್ರಬ್ ಓಡಿಸಿದೆ.

ಗ್ರಬ್ ಬರುವ ಮೊದಲೇ ಕಪ್ಪು ಪರದೆಯಲ್ಲಿ “ಶಿಮ್ ಎಸ್‌ಬ್ಯಾಟ್ ಡೇಟಾ” ಎಂದು ಬೈದು ಯಂತ್ರ ಆಫ್ ಆದರೆ ಅದು ಬೇರೆ ಕಾಯಿಲೆ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ ಶಿಮ್‌ಗಳನ್ನು (ಸೆಕ್ಯೂರ್ ಬೂಟ್ ಇದ್ದಾಗ ಗ್ರಬ್‌ಗೆ ಮುಂಚೆ ಏಳುವ ಚಿಕ್ಕ ಬೂಟ್ ಫೈಲು) ತಡೆಹಿಡಿದಾಗ ಹೀಗಾಗಿತ್ತು. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್‌ಗೆ ಹೋಗಿ, ಎಂಓಕೆಯುಟಿಲ್ ಕಮಾಂಡಿನಿಂದ ಎಸ್‌ಬ್ಯಾಟ್ ನೀತಿಯನ್ನು (ಯಾವ ಹಳೇ ಶಿಮ್ ತಡೆಯಬೇಕೆಂಬ ನಿಯಮ) ಡಿಲೀಟ್‌ಗೆ ಹಾಕಿ ಮತ್ತೊಮ್ಮೆ ಲಿನಕ್ಸ್‌ಗೇ ರೀಬೂಟ್ ಮಾಡಿ, ಶಿಮ್ ಅಪ್‌ಡೇಟ್ ಮಾಡಿ, ಸೆಕ್ಯೂರ್ ಬೂಟ್ ವಾಪಸ್ ಆನ್ ಮಾಡುತ್ತೇನೆ.

ಇನ್ನು, ಲಿನಕ್ಸ್‌ನಿಂದ ಡಿ ಡ್ರೈವಿಗೆ ಫೈಲ್ ಬರೆಯಲು ಬಿಡದಿದ್ದರೆ ಕಾರಣ ಸಾಮಾನ್ಯವಾಗಿ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ; ವಿಂಡೋಸ್ ಕರ್ನಲ್ ಅರೆನಿದ್ರೆಗೆ ಹೋಗಿ ಡ್ರೈವನ್ನು ಹಿಡಿದುಕೊಂಡಿರುತ್ತದೆ. ರೀಸ್ಟಾರ್ಟ್ ಮಾಡಿದರೆ ಪೂರ್ತಿ ಬಿಡುತ್ತದೆ. ಪವರ್‌ಸಿಎಫ್‌ಜಿ ಕಮಾಂಡಿನಿಂದ ಹೈಬರ್ನೇಟ್ ಆಫ್ ಮಾಡಿದರೆ ಇದೂ ಹೋಗುತ್ತದೆ. ಬಲವಂತವಾಗಿ ಮೌಂಟ್ ಮಾಡಿ ಬರೆಯುವುದು ಮಾತ್ರ ಬೇಡ, ಫೈಲು ಕೆಡುತ್ತದೆ.

ಗಡಿಯಾರದ್ದು ಕೊನೆಗೆ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದರೆ ಬೆಳಗ್ಗೆ 10 ಗಂಟೆ ನಸುಕಿನ 4:30 ಆಗಿರುತ್ತದೆ, ಕೆಲವೊಮ್ಮೆ ಬ್ರೌಸರ್ ವೆಬ್‌ಸೈಟಿನ ಸರ್ಟಿಫಿಕೇಟ್ ಸರಿಯಿಲ್ಲ ಎನ್ನುತ್ತದೆ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ (ಅಂತರರಾಷ್ಟ್ರೀಯ ಸಮಯ) ಬರೆಯುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ನಾನು ಲಿನಕ್ಸ್‌ನ ಟೈಮ್‌ಡೇಟ್‌ಸಿಟಿಎಲ್‌ನಲ್ಲಿ ಲೋಕಲ್ ಆರ್‌ಟಿಸಿಯನ್ನು 1ಕ್ಕೆ ಇಡುತ್ತೇನೆ, ಆಗ ಲಿನಕ್ಸ್ ಕೂಡ ಸ್ಥಳೀಯ ಸಮಯವನ್ನೇ ಬರೆಯುತ್ತದೆ. ಇದು ಬೇಡವೆಂದು ಅದೇ ಎಚ್ಚರಿಸುತ್ತದೆ. ಮುಖ್ಯ ಕಾರಣಗಳಲ್ಲೊಂದು ಬೇಸಿಗೆಗೆ ಗಡಿಯಾರ ಮುಂದಿಡುವ ಪದ್ಧತಿ. ನಮ್ಮಲ್ಲಿ ಆ ಪದ್ಧತಿ ಇಲ್ಲ, ಹಾಗಾಗಿ ನಾನು ಧೈರ್ಯವಾಗಿ ಇಡುತ್ತೇನೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇಲ್ಲದೆ, ತಾರೀಕೇ ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಸಾಫ್ಟ್‌ವೇರ್ ಬಿಟ್ಟು ಹಿಂದಿನ ಮುಚ್ಚಳ ಬಿಚ್ಚಿ. ಸಿಆರ್2032 ಬಟನ್ ಸೆಲ್ ಇರುವ ಯಂತ್ರವಾದರೆ ಮೀಟರ್ ಇಟ್ಟು ನೋಡಿ: 3 ವೋಲ್ಟ್ ಆಸುಪಾಸು ಇರಬೇಕು, 2.5ಕ್ಕೆ ಇಳಿದಿದ್ದರೆ ಸೆಲ್ ಬದಲಿಸಿ.