ಖಾಲಿ ಗ್ಯಾಲಕ್ಸಿಯ ಚಿತ್ರ, ಸೂಪರ್‌ನೋವಾದ ಲೆಕ್ಕ: ಧಾರವಾಡದ ಮಾಳಿಗೆಯ ಅನುಭವ

ಸೂಪರ್‌ನೋವಾ, ಅಂದರೆ ಸ್ಫೋಟಿಸಿದ ನಕ್ಷತ್ರದ ಹೊಳಪನ್ನು ಸರಿಯಾಗಿ ಅಳೆಯಲು ಅದರ ಗ್ಯಾಲಕ್ಸಿಯ ಖಾಲಿ ಚಿತ್ರ ಮೊದಲೇ ಕೈಯಲ್ಲಿರಬೇಕು. ಅದಕ್ಕೇ ಏನೂ ಸ್ಫೋಟಿಸದ ಗ್ಯಾಲಕ್ಸಿಗಳಿಗೆ ಚಳಿಗಾಲದ ಒಳ್ಳೊಳ್ಳೆ ರಾತ್ರಿಗಳನ್ನು ಸುರಿಯುತ್ತೇನೆಂದಾಗ ನಮ್ಮ ಕಡೆಯ ಗೆಳೆಯರು ನಕ್ಕರು. "ಏನೂ ಇಲ್ಲದ್ದನ್ನ ಯಾಕ ತೆಗಿತೀರಿ? ಎಂಟು ಇಂಚಿನ ಟೆಲಿಸ್ಕೋಪಿನಾಗ, ಅದೂ ಹುಬ್ಬಳ್ಳಿ ಬೆಳಕಿನಾಗ, ಅಳತಿ ಬರಂಗಿಲ್ಲ ಬಿಡ್ರಿ." ಈಗ ನನ್ನ ವಿ ಫಿಲ್ಟರ್ (ಹಸಿರು-ಹಳದಿ ಬೆಳಕಿನ) ಅಳತೆಗಳು ಉಳಿದವರ ಲೈಟ್ ಕರ್ವ್ (ಹೊಳಪಿನ ಏರಿಳಿತದ ಗೆರೆ) ಮೇಲೆ 0.03–0.05 ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಅಂಕಿ ಇಳಿದಷ್ಟೂ ಹೊಳಪು ಹೆಚ್ಚು) ಒಳಗೆ ಕೂಡುತ್ತಿವೆ. ನಕ್ಕವರಲ್ಲೇ ಇಬ್ಬರು ಮೂವರು ಟೆಂಪ್ಲೇಟ್, ಅಂದರೆ ಆ ಖಾಲಿ ಚಿತ್ರ, ಕೇಳಿಕೊಂಡು ಬಂದಿದ್ದಾರೆ.

ಸಾಮಾನು ದೊಡ್ಡದೇನಲ್ಲ. 200 ಮಿ.ಮೀ. ಎಫ್/5 ನ್ಯೂಟೋನಿಯನ್, 3.76 ಮೈಕ್ರಾನ್ ಪಿಕ್ಸೆಲ್‌ನ ಮೋನೊ ಕ್ಯಾಮೆರಾ, ಪಿಕ್ಸೆಲ್‌ಗೆ 0.78 ಆರ್ಕ್‌ಸೆಕೆಂಡ್. ಮೌಂಟ್‌ಗೆ ಒಂದೂವರೆ ಲಕ್ಷದ ಆಸುಪಾಸು, ಕ್ಯಾಮೆರಾಕ್ಕೆ ಕಸ್ಟಮ್ಸ್ ಸೇರಿ ಲಕ್ಷದ ಮೇಲೆ ಹೋಯಿತು. ಮೇ ತಿಂಗಳ ಸೆಕೆಗೆ ಸೆನ್ಸರ್ ಮೈನಸ್ ಹತ್ತಕ್ಕೆ ನಿಲ್ಲುವುದಿಲ್ಲ. ಸೊನ್ನೆ ಡಿಗ್ರಿಗೇ ಇಟ್ಟು, ಅದೇ ತಾಪದಲ್ಲಿ ಮುಚ್ಚಳ ಹಾಕಿ ತೆಗೆದ ಡಾರ್ಕ್ ಫ್ರೇಮ್‌ಗಳನ್ನು ಬೇರೆಯಾಗಿ ಕೂಡಿಟ್ಟುಕೊಂಡರೆ ಸಾಕು.

ಕಷ್ಟವೆಲ್ಲ ಗ್ಯಾಲಕ್ಸಿಯ ಹಿನ್ನೆಲೆಯದು. ಸುರುಳಿ ತೋಳಿನ ಮೇಲೆ ಕೂತ ಸೂಪರ್‌ನೋವಾಕ್ಕೆ ಬರಿ ಅಪರ್ಚರ್ (ಸುತ್ತ ಒಂದು ವೃತ್ತ) ಹಾಕಿ ಅಳೆದರೆ ತೋಳಿನ ಬೆಳಕೂ ಸೇರಿ ಇಲ್ಲದ ಹೊಳಪು ಬರುತ್ತದೆ. ವಸ್ತು ಮಂಕಾದಂತೆ ತಪ್ಪು ಬೆಳೆಯುತ್ತದೆ. ಹೊಸ ಚಿತ್ರದಿಂದ ಡಿಎಸ್ಎಸ್ ಎಂಬ ಹಳೆಯ ಆಕಾಶ ಸಮೀಕ್ಷೆಯ ಪ್ಲೇಟ್ ಕಳೆದು ನೋಡಿದರೆ ಬಣ್ಣ ಹೊಂದದೆ ಹೈಡ್ರೋಜನ್ ಮೋಡಗಳೆಲ್ಲ ಚುಕ್ಕೆಯಾಗಿ ಉಳಿದವು. ಪ್ಯಾನ್‌ಸ್ಟಾರ್ಸ್ ಎಂಬ ಹೊಸ ಸಮೀಕ್ಷೆಯಲ್ಲಿ ವಿ ಫಿಲ್ಟರ್ ಇಲ್ಲ. ಕೊನೆಗೆ ದಾರಿ ಒಂದೇ: ಅದೇ ಕೊಳವೆ, ಅದೇ ಫಿಲ್ಟರ್, ಮೊದಲೇ ತೆಗೆದಿಟ್ಟ ಚಿತ್ರ. ಮುಳಗುಂದದ ಕಡೆಯ ಹೊಲಗಳಲ್ಲಿ ಡಿಸೆಂಬರ್–ಜನವರಿಯಲ್ಲಿ ಗ್ಯಾಲಕ್ಸಿಗೆ ಅರವತ್ತು ಸೆಕೆಂಡಿನ ನಲವತ್ತು ಫ್ರೇಮ್‌ನಂತೆ ತೆಗೆಯುತ್ತೇನೆ. ಟೆಂಪ್ಲೇಟ್ ಯಾವಾಗಲೂ ಹೊಸ ಚಿತ್ರಕ್ಕಿಂತ ಚೂಪಾಗಿರಬೇಕು. ಚೂಪಾದದ್ದನ್ನು ಮಸುಕು ಮಾಡಿ ಹೊಂದಿಸಬಹುದು, ಮಸುಕನ್ನು ಚೂಪು ಮಾಡಹೋದರೆ ಪ್ರತಿ ನಕ್ಷತ್ರದ ಸುತ್ತ ಕಪ್ಪು ಉಂಗುರ ಏಳುತ್ತದೆ.

ಹೊಸ ಸೂಪರ್‌ನೋವಾ ಮೊದಲು ಕಾಣುವ ಓಟದಲ್ಲಿ ಅಟ್ಲಾಸ್, ಝಡ್‌ಟಿಎಫ್ ಎಂಬ ದೊಡ್ಡ ಆಕಾಶ ಸಮೀಕ್ಷೆಗಳ ಮುಂದೆ ನಾವು ಗೆಲ್ಲುವುದು ಅಪರೂಪ. ಆದರೂ ಅನುಮಾನದ ಚುಕ್ಕೆ ಸಿಕ್ಕರೆ ಅವಸರ ಬೇಡ. ಡಿದರ್ ಮಾಡಿದ (ಪ್ರತಿ ಸಲ ದಿಕ್ಕು ಕೊಂಚ ಸರಿಸಿ ತೆಗೆದ) ಫ್ರೇಮ್‌ಗಳಲ್ಲಿ ಅದು ನಕ್ಷತ್ರಗಳ ಜೊತೆಗೇ ಸರಿಯಬೇಕು. ಇಲ್ಲದಿದ್ದರೆ ಅದು ಹಾಟ್ ಪಿಕ್ಸೆಲ್, ಸೆನ್ಸರ್‌ನದೇ ದೋಷ. ಒಂದು ತಾಸು ಬಿಟ್ಟು ಮತ್ತೆ ತೆಗೆಯಿರಿ: ಪ್ರತಿಯುತಿಯ (ಸೂರ್ಯನಿಗೆ ಎದುರು ದಿಕ್ಕಿನಲ್ಲಿರುವ) ಹೊತ್ತಿಗೆ ಮುಖ್ಯ ಪಟ್ಟಿಯ ಕ್ಷುದ್ರಗ್ರಹ ತಾಸಿಗೆ ಅರ್ಧ ಆರ್ಕ್‌ಮಿನಿಟ್‌ನಷ್ಟು ಸರಿಯುತ್ತದೆ. ಕನ್ಯಾ, ಸಿಂಹ ರಾಶಿಗಳ ಗ್ಯಾಲಕ್ಸಿಗಳ ಮುಂದೆ ಇವುಗಳ ಕಾಟ ಹೆಚ್ಚು, ಕ್ಷುದ್ರಗ್ರಹಗಳು ಎಲ್ಲಿವೆಯೆಂದು ತೋರಿಸುವ ಮೈನರ್ ಪ್ಲಾನೆಟ್ ಚೆಕರ್ ಜಾಲತಾಣ ನೋಡದೆ ಮುಂದೆ ಹೋಗಬೇಡಿ. ಆಮೇಲೆ ಹೊಸ ಚುಕ್ಕೆಗಳನ್ನು ದಾಖಲಿಸುವ ಟ್ರಾನ್ಸಿಯೆಂಟ್ ನೇಮ್ ಸರ್ವರ್‌ನಲ್ಲಿ ಹತ್ತು ಆರ್ಕ್‌ಸೆಕೆಂಡ್ ಸುತ್ತ ಹುಡುಕಿ. 2016ರಿಂದ ಅಧಿಕೃತ ಹೆಸರು ಬರುವುದು ಅಲ್ಲಿಂದಲೇ: ಮೊದಲು ಎಟಿ, ರೋಹಿತ (ಬೆಳಕಿನ ಬಣ್ಣಗಳ ಪಟ್ಟಿ) ನೋಡಿ ಖಚಿತವಾದ ಮೇಲೆ ಎಸ್ಎನ್. ಅಲ್ಲಿನ ವರದಿ ಫಾರ್ಮ್‌ನಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ. ಒಂದು ಸಮಯ: ಇಲ್ಲಿ 15ನೇ ತಾರೀಖು ನಸುಕಿನ 2 ಗಂಟೆ ಎಂದರೆ ಯುಟಿಯಲ್ಲಿ (ಜಾಗತಿಕ ಸಮಯ) 14ರ 20:30, ಅಂದರೆ ದಿನದ ದಶಮಾಂಶದಲ್ಲಿ 14.854. ಇನ್ನೊಂದು, ಕೊನೆಯ ಬಾರಿ ಏನೂ ಕಾಣದ ದಿನ ಮತ್ತು ಆ ಚಿತ್ರದಲ್ಲಿ ಕಾಣುವ ಅತಿ ಮಂಕು ಹೊಳಪಿನ ಮಿತಿ. ಟೆಂಪ್ಲೇಟ್ ಇದ್ದವರಿಗೆ ಇದು ಕೈಯಲ್ಲೇ ಇರುತ್ತದೆ.

2023ರ ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಎಂ101 ಗ್ಯಾಲಕ್ಸಿಯಲ್ಲಿ ಸೂಪರ್‌ನೋವಾ 2023ಐಎಕ್ಸ್‌ಎಫ್ ಕಂಡಾಗ ಹೊಳಪು 14.9ರ ಹತ್ತಿರ, ವಾರದೊಳಗೆ 11. ಇಂಥದ್ದರಲ್ಲಿ ನಮ್ಮ ರೇಖಾಂಶಕ್ಕೆ ಬೆಲೆ ಬರುತ್ತದೆ: ಜಪಾನಿನಲ್ಲಿ ಬೆಳಗಾಗಿ ಯುರೋಪಿನಲ್ಲಿ ಇನ್ನೂ ಕತ್ತಲಾಗದ ಹೊತ್ತು ನಮ್ಮ ನಡುರಾತ್ರಿ. ಎಂ101 ಉತ್ತರಕ್ಕಿದ್ದು ಹುಬ್ಬಳ್ಳಿಯ ಬೆಳಕಿನಿಂದ ಪಾರು. ಮರುವರ್ಷ ಏಪ್ರಿಲ್‌ನಲ್ಲಿ ಎನ್‌ಜಿಸಿ 3621 ಗ್ಯಾಲಕ್ಸಿಯ ಸೂಪರ್‌ನೋವಾ 2024ಜಿಜಿಐ ದಕ್ಷಿಣದಲ್ಲಿ 42 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಿತ್ತು. ಆಗ್ನೇಯದ ಹುಬ್ಬಳ್ಳಿ ಬೆಳಕು ದಾಟಲೆಂದು ಹನ್ನೊಂದರ ಮೇಲೆ, ಪಶ್ಚಿಮಕ್ಕೆ ವಾಲಿದ ಬಳಿಕವೇ ತೆಗೆಯಬೇಕಾಯಿತು.

ಇಬ್ಬನಿಯ ವಿಷಯ. ನ್ಯೂಟೋನಿಯನ್‌ನಲ್ಲಿ ಮೊದಲು ಬೆವರುವುದು ಚಿಕ್ಕ ಕನ್ನಡಿ. ಅದರ ಬೆನ್ನಿಗೆ 330 ಓಮ್‌ನ ಆರು ರೆಸಿಸ್ಟರ್ ಪ್ಯಾರಲಲ್ ಆಗಿ ಬೆಸೆದು 12 ವೋಲ್ಟ್ ಕೊಟ್ಟಿದ್ದೇನೆ. ಒಟ್ಟು ಎರಡೂವರೆ ವ್ಯಾಟ್, ಖರ್ಚು ನೂರು ರೂಪಾಯಿಯೊಳಗೆ. ಕಾಲು ವ್ಯಾಟ್‌ನವು ಸುಟ್ಟು ಕರಕಲಾಗುತ್ತವೆ, ಅರ್ಧ ವ್ಯಾಟ್‌ನವೇ ಬೇಕು. ಅದಕ್ಕಿಂತ ಹೆಚ್ಚು ಬಿಸಿ ಮಾಡಿದರೆ ಕೊಳವೆಯೊಳಗೆ ಗಾಳಿ ಕದಡಿ ನಕ್ಷತ್ರ ಊದಿಕೊಳ್ಳುತ್ತದೆ.

ಮಿ.ಮೀ.ಗೆ 100 ಗೀರಿನ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗಾಜು) ಹಾಕಿಯೂ ನೋಡಿದೆ. 11ರ ಹೊಳಪಿದ್ದಾಗ ಟೈಪ್ 2 ಬಗೆಯ ಸೂಪರ್‌ನೋವಾದಲ್ಲಿ ಹೈಡ್ರೋಜನ್‌ನಿಂದ ಬರುವ ಅಗಲವಾದ ಎಚ್-ಆಲ್ಫಾ ಉಬ್ಬು ಗುರುತಿಸಬಹುದು, 13ಕ್ಕಿಳಿದರೆ ಗದ್ದಲವೇ. ಟೈಪ್ 1ಎ ಎಂಬ ಇನ್ನೊಂದು ಬಗೆ ಸಿಕ್ಕರೆ 6150 ಆಂಗ್‌ಸ್ಟ್ರಾಮ್ ಸುತ್ತಲಿನ ಸಿಲಿಕಾನ್ ತಗ್ಗಿಗೆ ಇದನ್ನೇ ಇಟ್ಟುಕೊಂಡಿದ್ದೇನೆ.

ಮಳೆಗಾಲಕ್ಕೆ ಮಾತ್ರ ಉಪಾಯವಿಲ್ಲ. 2023ಐಎಕ್ಸ್‌ಎಫ್‌ನ ಪ್ಲೇಟೋ (ಹೊಳಪು ಹೆಚ್ಚು ಇಳಿಯದೆ ನಿಂತ ಹಂತ) ಸುಮಾರು ಎಂಬತ್ತು ದಿನಕ್ಕೆ ಮುಗಿದು ಕುಸಿದದ್ದು ಆಗಸ್ಟ್‌ನಲ್ಲಿ, ಧಾರವಾಡದಲ್ಲಿ ಮೋಡ ಬಿಡದ ಕಾಲ. ಆ ತಿರುವು ಬೇಕಿದ್ದರೆ ಬೇರೆ ಊರಿನವರ ಅಳತೆ ನೆಚ್ಚಬೇಕು. ಆಮೇಲಿನ ಬಾಲದ ಭಾಗ ವಿಕಿರಣಶೀಲ ಕೋಬಾಲ್ಟ್ ಕ್ಷಯದ್ದು, ನೂರು ದಿನಕ್ಕೆ ಒಂದು ಮ್ಯಾಗ್ನಿಟ್ಯೂಡ್‌ನಂತೆ ನಿಧಾನ ಇಳಿಯುತ್ತದೆ. ಡಿಸೆಂಬರ್ ನಸುಕಿನಲ್ಲಿ ಎಂ101 ಮತ್ತೆ ಈಶಾನ್ಯಕ್ಕೆ ಬಂದಾಗ ಹದಿನೈದು ದಿನಕ್ಕೊಂದು ಚಿತ್ರ ಸಾಕು.