ಕೂಸಿನ ಮೈಮೇಲೆ ಬಿಸಿನೀರು ಬಿದ್ದರೆ

ಅಜ್ಜಿ ಎರೆಯುವಾಗಲೋ ಸೋದರತ್ತೆಯ ಕೈಯ ಚಹಾ ಚೆಲ್ಲಿಯೋ ಕೂಸಿನ ಮೈ ಸುಟ್ಟರೆ, ಬೈಗುಳ ಆಮೇಲೆ. ಮೊದಲು ಬಟ್ಟೆ, ಉಡದಾರ, ಬಳೆ ತೆಗೆಯಿರಿ. ಬಾವು ಬಂದರೆ ಬಿಗಿಯುತ್ತವೆ. ಚರ್ಮಕ್ಕೆ ಅಂಟಿದ್ದನ್ನು ಮಾತ್ರ ಎಳೆಯಬೇಡಿ. ಸುಟ್ಟ ಜಾಗಕ್ಕಷ್ಟೇ 20 ನಿಮಿಷ ತಣ್ಣೀರು ಹರಿಸಿ, ಉಳಿದ ಮೈಗೆ ಒಣಬಟ್ಟೆ ಸುತ್ತಿ; ಕೂಸಿನ ಮೈ ಬೇಗ ತಣ್ಣಗಾಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಸುಡುತ್ತದೆ! ನಿಮ್ಮ ಕೈಮೇಲೆ ಬಿಟ್ಟು ನೋಡಿ, ಬಿಸಿಯಿದ್ದರೆ ಕೊಡದಲ್ಲಿರುವ ತಣ್ಣೀರು ಸುರಿಯಿರಿ. ಐಸ್, ಟೂತ್‌ಪೇಸ್ಟ್, ಅರಿಷಿಣ, ಬೆಣ್ಣೆ ಬೇಡ; ಗುಳ್ಳೆ ಒಡೆಯಬೇಡಿ. ತೊಳೆದ ಹತ್ತಿಬಟ್ಟೆ ಸಡಿಲವಾಗಿ ಹೊದಿಸಿ, 108ಕ್ಕೆ ಕರೆ ಮಾಡಿ. ಗಾಯ ಚಿಕ್ಕದಿದ್ದರೂ ಕೂಸನ್ನು ವೈದ್ಯರಿಗೆ ತೋರಿಸಲೇಬೇಕು. ಮೈ ಸುಟ್ಟಾಗ ಕೂಸನ್ನು ನೋಡಿಕೊಳ್ಳುತ್ತಿದ್ದವರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ: ಏನು ಬಿತ್ತು, ಎಷ್ಟು ಹೊತ್ತಾಯಿತು ಎಂಬುದು ಅವರಿಗೇ ಗೊತ್ತು. ಬೈದು ಹೆದರಿಸಿದರೆ ಅದನ್ನೂ ನುಂಗಿಕೊಳ್ಳುತ್ತಾರೆ.